ಮಾತ್ರೆಗಳ ಲೆಕ್ಕ ತಾಳೆ ನೋಡೋದು ಯಾರು?



ನಾನು ಬಿ.ಕಾಂ. ಓದಿದವನು. ಕ್ಯಾಶ್‌ಬುಕ್, ಪಾಸ್‌ಬುಕ್ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡೋದಕ್ಕೆ ನಮ್ಮಲ್ಲಿ ರಿಕನ್ಸಿಲಿಯೇಶನ್ ಅಂತಾರೆ. ಆಸ್ಪತ್ರೆಯಲ್ಲೂ ಇದೇ ಹೆಸರಿನ ಕೆಲಸ ಇದೆ: ಮೆಡಿಕೇಶನ್ ರಿಕನ್ಸಿಲಿಯೇಶನ್. ರೋಗಿ ಮನೆಯಲ್ಲಿ ತಗೊಳ್ತಿದ್ದ ಔಷಧಿಗಳನ್ನು ಆಸ್ಪತ್ರೆಯಲ್ಲಿ ಬರೆದ ಔಷಧಿಗಳ ಜತೆ ತಾಳೆ ನೋಡೋದು. ದಾಖಲಾಗುವಾಗ, ವಾರ್ಡ್ ಬದಲಾದಾಗ, ಡಿಸ್ಚಾರ್ಜ್ ಆಗುವಾಗ.

ಇದರ ಕಥೆ ಅಮೆರಿಕದ್ದು. ಅಲ್ಲಿನ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯ್ತಿದ್ದಾರೆ ಅಂತ 1999ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಅಂದಾಜು ಮಾಡಿತು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಜಾಯಿಂಟ್ ಕಮಿಷನ್, 2005ರಲ್ಲಿ ಈ ತಾಳೆ ನೋಡುವ ಕೆಲಸವನ್ನು ತನ್ನ ಸುರಕ್ಷತಾ ಗುರಿಗಳಿಗೆ ಸೇರಿಸಿತು.

ಅದೇ ವರ್ಷ ಕೆನಡಾದ ಟೊರೊಂಟೊದಿಂದ ಒಂದು ಅಧ್ಯಯನ ಬಂತು. ಆಸ್ಪತ್ರೆಗೆ ದಾಖಲಾದ 151 ರೋಗಿಗಳನ್ನು ನೋಡಿದ್ರು. ಶೇ. 53.6ರಷ್ಟು ಜನರ ಪಟ್ಟಿಯಲ್ಲಿ ಯಾರೂ ಬೇಕಂತ ಮಾಡದ ವ್ಯತ್ಯಾಸ ಒಂದಾದ್ರೂ ಇತ್ತು. ಅತಿ ಹೆಚ್ಚು ಕಂಡ ತಪ್ಪು ಯಾವ್ದು ಗೊತ್ತಾ? ಮನೆಯಲ್ಲಿ ತಗೊಳ್ತಿದ್ದ ಔಷಧಿ ಆಸ್ಪತ್ರೆಯ ಪಟ್ಟಿಯಲ್ಲಿ ಬಿಟ್ಟೇ ಹೋಗಿತ್ತು!

ನಿಯಮವೇನೋ ಬಂತು. ಆದ್ರೆ ರೋಗಿ ಪಕ್ಕ ಕೂತು ಕೇಳೋದು ಯಾರು? ಡಾಕ್ಟರಾ, ನರ್ಸಾ? ಎಷ್ಟೋ ಆಸ್ಪತ್ರೆಗಳಿಗೆ ಇದನ್ನು ಜಾರಿ ಮಾಡೋದೇ ಕಷ್ಟವಾಯ್ತು. 2009ರಲ್ಲಿ ಜಾಯಿಂಟ್ ಕಮಿಷನ್ ಈ ಗುರಿಯನ್ನು ಮಾನ್ಯತೆಯ ಲೆಕ್ಕಕ್ಕೆ ಹಿಡಿಯೋದನ್ನೇ ನಿಲ್ಲಿಸಿತು. ಸರಳ ಮಾಡಿದ ರೂಪ ಜಾರಿಗೆ ಬಂದದ್ದು 2011ರ ಜುಲೈನಲ್ಲಿ.

ಯಾರು ಅನ್ನೋ ಪ್ರಶ್ನೆಗೆ ಒಳ್ಳೇ ಉತ್ತರ ಸಿಕ್ಕಿದ್ದು ಫಾರ್ಮಸಿ ವಿಭಾಗದಿಂದ. ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ, ತುಂಬಾ ಔಷಧಿ ತಗೊಳ್ಳೋ ರೋಗಿಗಳ ಪಟ್ಟಿಯನ್ನು ತುರ್ತು ವಿಭಾಗದಲ್ಲೇ ಫಾರ್ಮಸಿಯವರಿಂದ ಮಾಡಿಸಿದ್ರು. ಕೆಲವರದ್ದು ಫಾರ್ಮಸಿಸ್ಟ್‌ಗಳು, ಕೆಲವರದ್ದು ಅವರ ಉಸ್ತುವಾರಿಯಲ್ಲಿ ಫಾರ್ಮಸಿ ಟೆಕ್ನೀಷಿಯನ್‌ಗಳು. 2018ರಲ್ಲಿ ಪ್ರಕಟವಾದ ಫಲಿತಾಂಶ: ಎರಡೂ ಗುಂಪಲ್ಲಿ ತಪ್ಪುಗಳು ಶೇ. 80ಕ್ಕಿಂತ ಹೆಚ್ಚು ಇಳಿದಿದ್ವು.

ನಮ್ಮಲ್ಲೂ 2008ರಿಂದ ಫಾರ್ಮ್.ಡಿ. ಕೋರ್ಸ್ ಇದೆ, ವಾರ್ಡಿನಲ್ಲಿ ಕೆಲಸ ಮಾಡೋ ತರಬೇತಿ ಪಡೆದವರು ಬರ್ತಿದ್ದಾರೆ. ಒಂದೇ ಔಷಧಿ ಹತ್ತಾರು ಬ್ರ್ಯಾಂಡ್ ಹೆಸರಲ್ಲಿ ಸಿಗೋ ದೇಶ ನಮ್ಮದು. ಮನೆಯದ್ದೂ ಆಸ್ಪತ್ರೆಯದ್ದೂ ಎರಡನ್ನೂ ನುಂಗಿದ್ರೆ ಡೋಸ್ ಡಬಲ್. ಬ್ಯಾಂಕ್ ಲೆಕ್ಕ ತಪ್ಪಿದ್ರೆ ಮುಂದಿನ ತಿಂಗಳು ಸರಿ ಮಾಡಬಹುದು, ಇದನ್ನಲ್ಲ. ಅಡ್ಮಿಟ್ ಆಗೋಕೆ ಹೋಗುವಾಗ ಮಾತ್ರೆ ಶೀಟ್‌ಗಳನ್ನೆಲ್ಲ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ.