ಮನೆಯ ಹಳೇ ಗೇಮಿಂಗ್ ಸಿಸ್ಟಮ್‌ಗೆ ಹೊಸ ವಿಂಡೋಸ್: ಒಂದು ಸಣ್ಣ ಚರಿತ್ರೆ

ಭಾಗ 1/7: ಹಳತು ಅಂತ ಹೇಳಿದ್ದು ಯಾರು?

ಈ ಸಲ ಶಾಸನ ಇಲ್ಲ, ಬಸ್ರೂರಿನ ಬಂದರೂ ಇಲ್ಲ. ಈ ಸಲದ ಚರಿತ್ರೆ ನಿಮ್ಮ ಮನೆ ಚಾವಡಿಯ ಮೂಲೆಯಲ್ಲೇ ಉಂಟು. ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದ ಸಿಪಿಯು. ಬೆಂಗಳೂರಿಗೆ ಕೆಲಸಕ್ಕೆ ಹೋದ ಅಣ್ಣ ಬಿಟ್ಟು ಹೋದದ್ದು. ಈಗ ನಿಮ್ಮದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತಿತು. ಹನ್ನೊಂದಕ್ಕೆ ಹೋಗೋಣ ಅಂದರೆ ಪರದೆ ಮೇಲೆ ಬರುವುದು ಒಂದೇ ಮಾತು: ನಿಮ್ಮ ಪಿಸಿಗೆ ಅರ್ಹತೆ ಇಲ್ಲ. ಆದರೆ ನಿನ್ನೆ ಓಡಿದ ಆಟ ಇವತ್ತೂ ಓಡ್ತದೆ. ಫ್ಯಾನ್ ತಿರುಗ್ತದೆ, ರ‍್ಯಾಮ್ ಸರಿ ಉಂಟು. ಹಾಗಾದ್ರೆ ಹಳತಾದದ್ದು ಎಂತ?

ನಮ್ಮ ಊರಿನದ್ದೇ ಒಂದು ಉದಾಹರಣೆ ತಕೊಳ್ಳಿ. 2018ರಲ್ಲಿ ಬೈಂದೂರು ಕುಂದಾಪುರದಿಂದ, ಬ್ರಹ್ಮಾವರ ಉಡುಪಿಯಿಂದ ಬೇರೆಯಾಗಿ ಹೊಸ ತಾಲ್ಲೂಕುಗಳಾದವು. ಗದ್ದೆ ಅಲ್ಲೇ ಇತ್ತು, ಬಾವಿ ಅಲ್ಲೇ ಇತ್ತು. ಬದಲಾದದ್ದು ಕಾಗದಪತ್ರ ಹಿಡಿದು ಹೋಗಬೇಕಾದ ಕಚೇರಿ. ಆಪರೇಟಿಂಗ್ ಸಿಸ್ಟಮ್ ಬದಲಾಗುವುದೂ ಹೀಗೇ. ಯಂತ್ರ ಅದೇ, ಕಚೇರಿ ಬೇರೆ. ಹಳೇ ಕಚೇರಿಯಿಂದ ಕಾಗದ ತರಲಿಕ್ಕೆ ಮರೆತರೆ ಮಾತ್ರ ಕಷ್ಟ.

ಅಪ್‌ಗ್ರೇಡ್ ಅಂದ ಕೂಡಲೇ ಹೊಸದಾಗಿ ಎಂತ ಸಿಗ್ತದೆ ಅಂತ ಎಲ್ಲರೂ ಕೇಳ್ತಾರೆ. ಪ್ರತಿ ಸಲ ಕಳೆದುಹೋದದ್ದು ಎಂತ ಅಂತ ಕೇಳುವವರು ಕಡಿಮೆ. ಈ ಏಳು ಪೋಸ್ಟ್ ಅದಕ್ಕೇ.

ಭಾಗ 2/7: ಡೇವ್ ಮೂಕನಾದ ದಿನ

ನಿಮ್ಮ ಅಣ್ಣ ಅಕ್ಕಂದಿರನ್ನು ಕೇಳಿ, ಮೊದಲು ಆಡಿದ ಆಟ ಯಾವುದು ಅಂತ. ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಅಂತ ಹೇಳುವವರು ಸುಮಾರು ಜನ ಸಿಗ್ತಾರೆ. ಎರಡೂ ಡಾಸ್ ಕಾಲದವು. ಫ್ಲಾಪಿಯಲ್ಲಿ ಹಿಡಿಯುವಷ್ಟು ಚಿಕ್ಕವು.

1998ರ ಜೂನ್‌ನಲ್ಲಿ ಬಂದ ವಿಂಡೋಸ್ 98ರ ಒಳಗೆ ಡಾಸ್ ಇನ್ನೂ ಜೀವಂತ ಇತ್ತು. ಹಾಗಾಗಿ ಆ ಆಟಗಳು ಸೌಂಡ್ ಕಾರ್ಡನ್ನೂ ಪರದೆಯನ್ನೂ ನೇರವಾಗಿ ಮುಟ್ಟಬಹುದಿತ್ತು. 2001ರ ಅಕ್ಟೋಬರ್ 25ಕ್ಕೆ ಎಕ್ಸ್‌ಪಿ ಬಂತು. ಇದರ ಅಡಿಪಾಯವೇ ಬೇರೆ, ಎನ್‌ಟಿ ಅಂತ. ಎನ್‌ಟಿಯಲ್ಲಿ ಯಾವ ಪ್ರೋಗ್ರಾಮೂ ಯಂತ್ರವನ್ನು ನೇರವಾಗಿ ಮುಟ್ಟುವ ಹಾಗಿಲ್ಲ, ಎಲ್ಲವೂ ಸಿಸ್ಟಮ್‌ನ ಮೂಲಕವೇ ಹೋಗಬೇಕು.

ಇದರಿಂದ ಒಳ್ಳೆಯದೇ ಆಯಿತು. ಒಂದು ಆಟ ಹಾಳಾದರೆ ಇಡೀ ಸಿಸ್ಟಮ್ ಕೈಕೊಡುವುದು ಎಷ್ಟೋ ಕಡಿಮೆ ಆಯಿತು. ಆದರೆ ಹಳೇ ಆಟಗಳಲ್ಲಿ ಕೆಲವಕ್ಕೆ ಸ್ವರ ಹೋಯಿತು, ಕೆಲವು ತೆರೆಯಲೇ ಇಲ್ಲ. 2002ರಲ್ಲಿ ಡಾಸ್‌ಬಾಕ್ಸ್ ಅನ್ನುವ ಉಚಿತ ಪ್ರೋಗ್ರಾಮ್ ಬಂತು. ಅದು ಹೊಸ ಸಿಸ್ಟಮ್ ಒಳಗೆ ಹಳೇ ಕಂಪ್ಯೂಟರಿನ ವೇಷ ಹಾಕಿ ಕೂರುತ್ತದೆ. ಇವತ್ತಿಗೂ ಡೇವ್ ಆಡುವವರು ಅದರಲ್ಲೇ ಆಡುವುದು.

ಗಮನಿಸಿ: ಆಟವನ್ನು ಉಳಿಸಿದ್ದು ವಿಂಡೋಸ್ ಮಾಡಿದ ಕಂಪನಿ ಅಲ್ಲ. ಆಟದ ಮೇಲೆ ಪ್ರೀತಿ ಇದ್ದವರು ತಮ್ಮ ಬಿಡುವಿನಲ್ಲಿ ಮಾಡಿದ ಕೆಲಸ ಅದು.

ಭಾಗ 3/7: ಅದೇ ಅಪ್‌ಗ್ರೇಡ್ ಕನ್ನಡ ತಂತು

ಎಕ್ಸ್‌ಪಿ ಡೇವ್‌ನ ಸ್ವರ ಕಿತ್ತುಕೊಂಡಿತು, ನಮ್ಮ ಭಾಷೆಗೆ ಜಾಗ ಕೊಟ್ಟಿತು.

ಅದಕ್ಕಿಂತ ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಇರಲಿಲ್ಲವಾ? ಇತ್ತು. ನಮ್ಮ ಕರಾವಳಿಯವರೇ, ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್, ಕನ್ನಡಕ್ಕೆ ಸುಲಭದ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. ನಾವು ಇವತ್ತು ನುಡಿಯಲ್ಲಿ ಒತ್ತುವ ಕೀಲಿಗಳ ಹಿಂದೆ ಇರುವುದು ಅವರ ಯೋಚನೆ. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು.

ಆದರೆ ಆ ಕಾಲದ ಫೈಲುಗಳಲ್ಲಿ ಒಂದು ಗುಟ್ಟು ಇತ್ತು. ಕಂಪ್ಯೂಟರಿನ ಲೆಕ್ಕಕ್ಕೆ ಅದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಆ ಜಾಗಗಳಲ್ಲಿ ಕನ್ನಡದ ಆಕಾರ ಬಿಡಿಸಿದ ಫಾಂಟ್ ಹಾಕಿದ್ದರಿಂದ ಕಣ್ಣಿಗೆ ಕನ್ನಡ ಕಾಣುತ್ತಿತ್ತು. ಫಾಂಟ್ ತೆಗೆದರೆ ವೇಷ ಕಳಚಿದ ಹಾಗೆ.

ಪ್ರಪಂಚದ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ಇತ್ತು. ಮನೆಯ ಕಂಪ್ಯೂಟರಿನಲ್ಲಿ ಅದು ಕಾಣಲಿಕ್ಕೆ ಶುರುವಾದದ್ದು ಎಕ್ಸ್‌ಪಿಯಿಂದ. ಜೊತೆಗೆ ಒಂದು ಕನ್ನಡ ಫಾಂಟ್ ಬಂತು, ಹೆಸರು ತುಂಗಾ. ಹೌದು, ನಮ್ಮ ನದಿಯ ಹೆಸರೇ. ಆದರೆ ಸುಮ್ಮನೆ ಸಿಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಟಿಕ್ ಹಾಕಬೇಕು, ಅದು ಎಕ್ಸ್‌ಪಿಯ ಸಿಡಿ ಕೇಳುತ್ತಿತ್ತು. ಸಿಡಿ ಇಲ್ಲದ ಮನೆಯಲ್ಲಿ ಕನ್ನಡದ ಬದಲು ಚೌಕ ಚೌಕ ಡಬ್ಬಿಗಳು.

ಭಾಗ 4/7: ಉಚಿತ ಅಂದ್ರೂ ತಲುಪದ ಅಪ್‌ಗ್ರೇಡ್

ಜಿಟಿಎ ವೈಸ್ ಸಿಟಿ ಪಿಸಿಗೆ ಬಂದದ್ದು 2003ರಲ್ಲಿ. 128 ಎಂಬಿ ರ‍್ಯಾಮ್ ಸಾಕು ಅಂತ ಬರೆದಿತ್ತು, ವಿಂಡೋಸ್ 98ರಲ್ಲೂ ಓಡುತ್ತಿತ್ತು. ಸುಮಾರು ಮನೆಗಳಲ್ಲಿ ಎಕ್ಸ್‌ಪಿ ಹಾಕಿಸಿ, ಇದನ್ನು ಹಾಕಿ, ವರ್ಷಗಟ್ಟಲೆ ಅಲ್ಲೇ ನಿಂತರು. 2007ರ ವಿಸ್ತಾ ಅವರಿಗೆ ಭಾರ ಆಯಿತು. 2009ರ ಅಕ್ಟೋಬರ್‌ನ ವಿಂಡೋಸ್ 7 ಸರಿ ಹೊಂದಿತು.

ಏಳರ ಕಾಲದಲ್ಲಿ 64 ಬಿಟ್ ಮಾಮೂಲಾಯಿತು. 4 ಜಿಬಿಗಿಂತ ಜಾಸ್ತಿ ರ‍್ಯಾಮ್ ಪೂರ್ತಿ ಬಳಸಬೇಕು ಅಂದರೆ ಅದೇ ಬೇಕು. ಆದರೆ 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಮ್ ಓಡುವುದಿಲ್ಲ. ಕೆಲವು ಹಳೇ ಆಟಗಳ ಇನ್‌ಸ್ಟಾಲರ್ ಮಾತ್ರ 16 ಬಿಟ್, ಆಟ 32 ಬಿಟ್. ಆಟ ಓಡ್ತಿತ್ತು, ಬಾಗಿಲೇ ತೆರೆಯಲಿಲ್ಲ.

2015ರ ಜುಲೈ 29ಕ್ಕೆ ವಿಂಡೋಸ್ 10 ಬಂತು. ಏಳು, ಎಂಟು ಇದ್ದವರಿಗೆ ಒಂದು ವರ್ಷ ಉಚಿತ. ಕೆಲವು ಜಿಬಿ ಡೌನ್‌ಲೋಡ್ ಆಗಬೇಕು. ನಮ್ಮ ಹಳ್ಳಿ ಬದಿಯಲ್ಲಿ ಲ್ಯಾಂಡ್‌ಲೈನ್ ಇಂಟರ್ನೆಟ್ ಮಳೆಗಾಲದಲ್ಲಿ ಹೇಗೆ ಇರ್ತದೆ ಅಂತ ನಿಮಗೆ ಗೊತ್ತುಂಟು. ಉಚಿತದ ಅವಧಿ ಮುಗಿದದ್ದು 2016ರ ಜುಲೈ 29ಕ್ಕೆ. ಜಿಯೋ ಶುರುವಾದದ್ದು 2016ರ ಸೆಪ್ಟೆಂಬರ್ 5ಕ್ಕೆ. ಮಧ್ಯೆ ಐದೇ ವಾರ ಮಾರಾಯ್ರೆ! ಹಳೇ ಕೀಲಿಯಲ್ಲಿ ಹತ್ತನ್ನು ಆಕ್ಟಿವೇಟ್ ಮಾಡುವ ದಾರಿ 2023ರವರೆಗೂ ನಡೆಯಿತು ನಿಜ. ಆದರೆ ಅದು ಎಷ್ಟು ಜನರಿಗೆ ಗೊತ್ತಿತ್ತು?

ಹತ್ತರಲ್ಲಿ ಕಳೆದದ್ದು: ಸೇಫ್‌ಡಿಸ್ಕ್ ಅನ್ನುವ ಬೀಗ ಇದ್ದ ಸಿಡಿ ಆಟಗಳು. ಆ ಬೀಗದ ಡ್ರೈವರ್‌ನಲ್ಲಿ ಭದ್ರತೆಯ ತೊಂದರೆ ಇದ್ದ ಕಾರಣ ಹತ್ತು ಅದನ್ನು ಒಳಗೆ ಬಿಡಲಿಲ್ಲ. ದುಡ್ಡು ಕೊಟ್ಟು ಒರಿಜಿನಲ್ ಡಿಸ್ಕ್ ತಂದವರ ಆಟವೇ ನಿಂತಿತು.

ಭಾಗ 5/7: ಹಾಗಾದ್ರೆ ಅಪ್‌ಡೇಟ್ ಬೇಡ್ವಾ?

ಬೇಕು. ಇಲ್ಲಿವರೆಗೆ ಓದಿ "ಹಳತೇ ಒಳ್ಳೇದು" ಅಂತ ಎದ್ದು ಹೋಗಬೇಡಿ.

2017ರ ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ಒಂದು ತೇಪೆ ಬಿಟ್ಟಿತು. ಮೇ 12ಕ್ಕೆ ವನ್ನಾಕ್ರೈ ಹರಡಿತು. ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಮ್ ಅದು. ಬ್ರಿಟನ್ನಿನ ಆಸ್ಪತ್ರೆಗಳಲ್ಲೂ ಕೆಲಸ ನಿಂತಿತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಹೆಚ್ಚಿನವು ಆ ತೇಪೆ ಹಾಕದ ವಿಂಡೋಸ್ 7. ನಡುವೆ ಸುಮಾರು ಎರಡು ತಿಂಗಳು ಸಮಯ ಇತ್ತು. ಅಪ್‌ಡೇಟ್ ಬಂದ್ ಮಾಡಿಟ್ಟವರಿಗೆ ಆ ಎರಡು ತಿಂಗಳು ಉಪಯೋಗಕ್ಕೆ ಬರಲಿಲ್ಲ. ಲೈಸೆನ್ಸ್ ಇಲ್ಲದ ಕಾಪಿ ಹಾಕಿಸಿ "ಅಪ್‌ಡೇಟ್ ಆಫ್ ಮಾಡಿ ಕೊಡಿ" ಅಂತ ಅಂಗಡಿಯಲ್ಲಿ ಹೇಳುವವರು ನಮ್ಮಲ್ಲಿ ಕಡಿಮೆಯಾ?

ಗೇಮರ್‌ಗಳಿಗೆ ಇನ್ನೊಂದು ಕಾರಣ. ಸ್ಟೀಮ್ 2019ರ ಜನವರಿ 1ಕ್ಕೆ ಎಕ್ಸ್‌ಪಿ, ವಿಸ್ತಾ ಬಿಟ್ಟಿತು. 2024ರ ಜನವರಿ 1ಕ್ಕೆ 7 ಮತ್ತು 8. ದುಡ್ಡು ಕೊಟ್ಟ ಆಟ ನಿಮ್ಮ ಲೈಬ್ರರಿಯಲ್ಲೇ ಉಂಟು, ಬೀಗದ ಕೈ ಮಾತ್ರ ಹೊಸ ವಿಂಡೋಸ್‌ನ ಹತ್ತಿರ.

ಈಗ ಹನ್ನೊಂದು. 2021ರ ಅಕ್ಟೋಬರ್ 5ಕ್ಕೆ ಬಂತು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು, ರೈಜನ್ ಆದರೆ 2000ದ ಸರಣಿಯಿಂದ ಮೇಲೆ ಬೇಕು. ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಬೇಕು. ಟಿಪಿಎಂ ಅಂದರೆ ಗುಟ್ಟಿನ ಕೀಲಿಗಳನ್ನು ಬೇರೆ ಪ್ರೋಗ್ರಾಮ್‌ಗಳ ಕೈಗೆ ಸಿಗದ ಹಾಗೆ ಇಡುವ ಸಣ್ಣ ತಿಜೋರಿ. ಹನ್ನೊಂದರಲ್ಲಿ ವ್ಯಾಲೊರಂಟ್ ಆಡಲಿಕ್ಕೂ ಇವೆರಡು ಆನ್ ಇರಬೇಕು. ಅಣ್ಣ 2017ರ ಆರಂಭದಲ್ಲಿ ತಂದದ್ದು ಏಳನೇ ತಲೆಮಾರಿನ ಐ5 ಆದರೆ ಅದು ಗೆರೆಯಿಂದ ಒಂದೇ ಹೆಜ್ಜೆ ಹಿಂದೆ. ಅದೇ ವರ್ಷದ ಕೊನೆಗೆ ತಂದಿದ್ದರೆ ಪಾಸ್.

ಭಾಗ 6/7: ಅಜ್ಜಯ್ಯನ ಫೈಲು

ಇದು ನಮ್ಮ ಮನೆಯದ್ದು, ಹಾಗಾಗಿ ಸ್ವಲ್ಪ ಹೇಳ್ತೇನೆ.

ಅಜ್ಜಯ್ಯನಿಗೆ ಆಟ ಅಂದರೆ ಯಕ್ಷಗಾನ. ಯಾವ ಮೇಳದಲ್ಲಿ ಯಾರ ವೇಷ ಹೇಗಿತ್ತು, ರಾತ್ರಿ ಎಷ್ಟು ದೂರ ನಡೆದು ಹೋಗಿ ನೋಡಿದ್ದು, ಎಲ್ಲವನ್ನೂ ಅವರು ಹೇಳುತ್ತಾ ಹೋದರು. ಅಣ್ಣ ನುಡಿಯಲ್ಲಿ ಟೈಪ್ ಮಾಡಿದ. ಅರ್ಧ ಗಂಟೆ ಟೈಪ್ ಮಾಡಿದರೆ ಅರ್ಧ ಗಂಟೆ ವೈಸ್ ಸಿಟಿ ಆಡಬಹುದು ಅಂತ ಅಪ್ಪಯ್ಯನ ಒಪ್ಪಂದ.

ಒಮ್ಮೆ ಸಿಸ್ಟಮ್ ನಿಧಾನ ಆಯಿತು ಅಂತ ಅಂಗಡಿಗೆ ಕೊಟ್ಟರು. "ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್, ಡಿ ಮುಟ್ಟುವುದಿಲ್ಲ" ಅಂದರು. ಮಾತು ಉಳಿಸಿಕೊಂಡರು. ಆದರೆ ಡೆಸ್ಕ್‌ಟಾಪ್ ಮತ್ತು ಮೈ ಡಾಕ್ಯುಮೆಂಟ್ಸ್ ಇರುವುದು ಸಿ ಡ್ರೈವ್‌ನಲ್ಲೇ. ವೈಸ್ ಸಿಟಿಯ ಸೇವ್ ಫೈಲೂ ಅಲ್ಲೇ. ಅಣ್ಣ ಅತ್ತದ್ದು ಅದಕ್ಕೆ. ಅಜ್ಜಯ್ಯನ ಪುಟಗಳಲ್ಲಿ ಕೊನೆಯ ಭಾಗವೂ ಡೆಸ್ಕ್‌ಟಾಪ್‌ನಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು. ಆಟ ಮತ್ತೆ ಆಡಬಹುದು. ಅಜ್ಜಯ್ಯ ಈಗ ಇಲ್ಲ.

ಡಿ ಡ್ರೈವ್‌ನಲ್ಲಿ ಉಳಿದದ್ದನ್ನು ಹೋದ ವರ್ಷ ತೆರೆದೆ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಮಧ್ಯೆ ಮಧ್ಯೆ ಪೌಂಡಿನ ಚಿಹ್ನೆ, ತಲೆ ಮೇಲೆ ಗೀಟು ಇರುವ "ಎ"ಗಳು. ಅಮ್ಮ ನೋಡಿ, "ಹಾಳಾಯ್ತಾ?" ಅಂದರು. ಹಾಳಾಗಿರಲಿಲ್ಲ. ಮೂರನೇ ಭಾಗದ ಗುಟ್ಟು ನೆನಪುಂಟಲ್ಲ? ನುಡಿಯ ಹಳೇ ಫಾಂಟ್ ಹಾಕಿದೆ, ಅಕ್ಷರ ಎದ್ದು ಬಂತು. ಪರಿವರ್ತಕದಲ್ಲಿ ಯೂನಿಕೋಡ್ ಮಾಡಿದೆ. ಕೆಲವು ಒತ್ತಕ್ಷರ ತಪ್ಪಿತ್ತು, ಕೂತು ತಿದ್ದಿದೆ. ಈಗ ಫೋನಲ್ಲೂ ಓದಬಹುದು.

ಹಳೇ ಯೂನಿಕೋಡ್ ಫೈಲಿನಲ್ಲಿ ಬೇರೆ ತರ ಅಕ್ಷರ ಕಂಡರೆ ಹೆದರಬೇಡಿ. ವಿಂಡೋಸ್ 10ರಿಂದ ತುಂಗಾ ಫಾಂಟ್ "ಐಚ್ಛಿಕ" ಪಟ್ಟಿಗೆ ಹೋಗಿದೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಪೂರಕ ಫಾಂಟ್ ಅಂತ ಹುಡುಕಿ ಹಾಕಿಕೊಳ್ಳಬಹುದು.

ಭಾಗ 7/7: ಈಗ ನೀವು ಎಂತ ಮಾಡುದ್?

ಮೊದಲು ಆಟದ ಫೋಲ್ಡರ್ ಅಲ್ಲ, ಮನೆಯವರ ಫೈಲು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೊ, ಸೇವ್ ಗೇಮ್ ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಹಾಕಿ. ಡಿ ಡ್ರೈವ್ ಬೇರೆ ಡಿಸ್ಕ್ ಅಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಒಂದೇ ಡಿಸ್ಕ್‌ನ ಇನ್ನೊಂದು ಕೋಣೆ. ಡಿಸ್ಕ್ ಹೋದರೆ ಎರಡೂ ಹೋಯಿತು.

ಎರಡನೆಯದು, ಅರ್ಹತೆ ಇಲ್ಲ ಅಂತ ಬಂದ ಕೂಡಲೇ ನಂಬಬೇಡಿ. ಎಂಟನೇ ತಲೆಮಾರು ಅಥವಾ ಆಮೇಲಿನದ್ದಾದರೆ ಟಿಪಿಎಂ ಬಯೋಸ್‌ನಲ್ಲಿ ಬರೇ ಆಫ್ ಇರಬಹುದು. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಹೆಸರು. ಹಳೇ ಲೆಗಸಿ ಕ್ರಮದಲ್ಲಿ ಹಾಕಿದ ವಿಂಡೋಸ್ ಆದರೆ ಮೊದಲು ಡಿಸ್ಕ್‌ನ ಮಾದರಿ ಬದಲಿಸಬೇಕು. ಹಾಗೇ ಬಯೋಸ್ ಬದಲಿಸಿದರೆ ಸಿಸ್ಟಮ್ ಏಳುವುದಿಲ್ಲ. ಹೆದರಬೇಡಿ, ಮೊದಲಿನ ಹಾಗೆ ಮಾಡಿದರೆ ಏಳ್ತದೆ.

ನಿಜವಾಗಿಯೂ ಅರ್ಹತೆ ಇಲ್ಲವಾದರೆ? ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿ ನೋಂದಾಯಿಸಿದರೆ ಹತ್ತಕ್ಕೇ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗ್ತದೆ. ಇನ್ನೊಂದು ದಾರಿ ಲಿನಕ್ಸ್. 2018ರಲ್ಲಿ ಸ್ಟೀಮ್‌ನವರು ತಂದ ಪ್ರೋಟಾನ್‌ನಿಂದ ತುಂಬಾ ವಿಂಡೋಸ್ ಆಟಗಳು ಅಲ್ಲೂ ಓಡ್ತವೆ. ವ್ಯಾಲೊರಂಟ್ ಓಡುವುದಿಲ್ಲ, ಮೊದಲೇ ಹೇಳಿದ್ದೇನೆ.

ಮತ್ತೆ ನಮ್ಮ ಊರಿನ ನಿಯಮ: ಯುಪಿಎಸ್ ಇಲ್ಲದಿದ್ದರೆ ಜೂನ್, ಜುಲೈ ಮಳೆಯಲ್ಲಿ ಅಪ್‌ಗ್ರೇಡ್ ಶುರು ಮಾಡಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಗತಿ ಇಲ್ಲ. ಗುಡುಗು ಕೇಳಿದರೆ ಮೋಡೆಮ್ ವೈರೂ ತೆಗೆಯಿರಿ.

ಶುರುವಿನಲ್ಲಿ ಕೇಳಿದ್ದೆ, ಹಳತಾದದ್ದು ಎಂತ ಅಂತ. ಯಂತ್ರ ಅಲ್ಲ, ದಿನಾಂಕ. ಆ ದಿನಾಂಕ ನಿಗದಿ ಮಾಡುವವರು ದೂರದಲ್ಲಿದ್ದಾರೆ, ಅವರಿಗೆ ನಮ್ಮ ಅಜ್ಜಯ್ಯ ಗೊತ್ತಿಲ್ಲ. ನೆನಪಿಟ್ಟು ತೆಗೆದಿಡಬೇಕಾದವರು ನಾವೇ.

ಇವತ್ತು ಸಂಜೆ ಬೆಡ್‌ಶೀಟ್ ತೆಗೆದು ಸಿಸ್ಟಮ್ ಆನ್ ಮಾಡಿ. ಡಿ ಡ್ರೈವ್ ಒಳಗೆ "ನ್ಯೂ ಫೋಲ್ಡರ್" ಅಂತ ಇರ್ತದಲ್ಲ, ಅದನ್ನು ತೆರೆದು ನೋಡಿ. ಎಂತ ಸಿಕ್ಕಿತು ಅಂತ ನಂಗೂ ಹೇಳಿ. ಇದನ್ನು ಸೇವ್ ಮಾಡಿ, ಅಣ್ಣನಿಗೂ ಕಳಿಸಿ.

#ಕುಂದಾಪುರ #ಬೈಂದೂರು #ಬ್ರಹ್ಮಾವರ #ಊರಿನಚರಿತ್ರೆ #ಕನ್ನಡಗೇಮಿಂಗ್