ಕಂಟ್ರೋಲರ್ ಆಧಾರಿತ ವೈ-ಫೈ ಜಾಲ

ಕಟ್ಟಡವೊಂದರಲ್ಲಿ ವೈ-ಫೈ ಅಲೆ ಬೀರುವ ಆಕ್ಸೆಸ್ ಪಾಯಿಂಟ್‌ಗಳನ್ನು ಒಂದೊಂದಾಗಿ ಸಜ್ಜುಗೊಳಿಸದೆ, ಕಂಟ್ರೋಲರ್ ಎಂಬ ಒಂದೇ ಯಂತ್ರದ ಅಥವಾ ತಂತ್ರಾಂಶದ ಹತೋಟಿಗೆ ಒಪ್ಪಿಸುವ ವ್ಯವಸ್ಥೆ. ಇದರ ಚರಿತ್ರೆಯೆಂದರೆ ಜಾಲದ ಬುದ್ಧಿ ಎಲ್ಲಿರಬೇಕು ಎಂಬ ಜಗ್ಗಾಟದ ಚರಿತ್ರೆಯೇ.

ವೈ-ಫೈಗೆ ತಳಹದಿಯಾದ ಐಇಇಇ 802.11 ಮಾನಕ ಬಂದದ್ದು 1997ರಲ್ಲಿ. ಅದಕ್ಕೂ ಮುಂಚೆಯೇ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಹಿಲ್ಸ್ ಅವರ ನೇತೃತ್ವದಲ್ಲಿ ‘ವೈರ್‌ಲೆಸ್ ಆ್ಯಂಡ್ರೂ’ ಎಂಬ ನಿಸ್ತಂತು ಜಾಲ ತಲೆಯೆತ್ತಿತ್ತು. ದೊಡ್ಡ ಜಾಲದ ಕಷ್ಟ ಮೊದಲು ಅರ್ಥವಾದದ್ದು ಇಂಥ ಕಡೆ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಪಕ್ಕದ ಕೋಣೆಯನ್ನಷ್ಟೇ ನೋಡಿಕೊಂಡರೆ ಸಾಲದು. ಮೇಲಂತಸ್ತಿನ ಅಲೆ ಕೆಳಗೂ ಇಳಿಯುತ್ತದೆ. ಆಗಿನ ಆಕ್ಸೆಸ್ ಪಾಯಿಂಟ್‌ಗಳು ತಮ್ಮ ಪಾಡಿಗೆ ತಾವಿರುವ ಒಂಟಿ ಯಂತ್ರಗಳು. ಪಾಸ್‌ವರ್ಡ್ ಬದಲಿಸಬೇಕೆಂದರೆ, ನೂರು ಯಂತ್ರಗಳಿದ್ದರೆ ನೂರಕ್ಕೂ ಲಾಗಿನ್ ಆಗಬೇಕು. ಒಂದು ಕಳುವಾದರೆ ಜಾಲದ ಗುಟ್ಟೂ ಅದರೊಂದಿಗೇ ಹೋಯಿತು. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಅವರು ವೈ-ಫೈನ ಆಗಿನ ‘ವೆಪ್’ ಗೂಢಲಿಪಿಯ ದೌರ್ಬಲ್ಯವನ್ನು ತೋರಿಸಿಕೊಟ್ಟ ಮೇಲಂತೂ ಈ ಬಿಡಿ ಆರೈಕೆ ನಿಭಾಯಿಸಲಾಗದ ಹೊರೆಯಾಯಿತು.

2002ರಲ್ಲಿ ಸಿಂಬಲ್ ಟೆಕ್ನಾಲಜೀಸ್ ಕಂಪನಿ ಕಂಟ್ರೋಲರ್ ಮಾದರಿಯ ‘ವೈರ್‌ಲೆಸ್ ಸ್ವಿಚ್’ ಹೊರತಂದಿತು. ಮೇಲ್ಛಾವಣಿಯಲ್ಲಿ ಉಳಿದದ್ದು ಹೆಚ್ಚುಕಡಿಮೆ ರೇಡಿಯೊ ಮತ್ತು ಆಂಟೆನಾ ಮಾತ್ರ. ತಲೆ ಸರ್ವರ್ ಕೋಣೆಗೆ ಇಳಿಯಿತು. ಏರ್‌ಸ್ಪೇಸ್, ಅರುಬಾ, ಟ್ರಪೀಜ್ ಕಂಪನಿಗಳು ಅದೇ ಜಾಡು ಹಿಡಿದವು. ಆದರೆ ತಲೆಯನ್ನು ಪೂರ್ತಿ ಕೀಳುವಂತಿರಲಿಲ್ಲ. 802.11ಬಿಯಲ್ಲಿ ಬಂದ ದತ್ತಾಂಶದ ಚೌಕಟ್ಟಿಗೆ (ಫ್ರೇಮ್) ‘ತಲುಪಿತು’ ಎಂಬ ಉತ್ತರ 10 ಮೈಕ್ರೊಸೆಕೆಂಡಿನ ಬಿಡುವಿನಲ್ಲೇ ಹೊರಡಬೇಕು. ಕಂಟ್ರೋಲರನ್ನು ಕೇಳಿಕೊಂಡು ಬರಲು ಹೊತ್ತಿಲ್ಲ. ಹಾಗಾಗಿ ತುರ್ತಿನ ಕೆಲಸ ಆಕ್ಸೆಸ್ ಪಾಯಿಂಟ್‌ಗೆ, ಯಾರನ್ನು ಒಳಬಿಡಬೇಕು, ಯಾವ ಚಾನೆಲ್, ಎಷ್ಟು ಶಕ್ತಿ ಎಂಬ ತೀರ್ಮಾನ ಕಂಟ್ರೋಲರ್‌ಗೆ ಎಂದು ಪಾಲಾಯಿತು. ಅಲ್ಲಿಯವರೆಗೆ ಒಂಟಿ ಯಂತ್ರಗಳನ್ನೇ ಮಾರುತ್ತಿದ್ದ ಸಿಸ್ಕೊ 2005ರಲ್ಲಿ ಏರ್‌ಸ್ಪೇಸನ್ನು ಕೊಂಡಿತು.

ಅಳವಡಿಕೆಯ ವಿಧಾನವೂ ಬದಲಾಯಿತು. 2003ರ 802.3ಎಎಫ್ ಮಾನಕ ಜಾಲದ ಕೇಬಲ್‌ನಲ್ಲೇ 15.4 ವಾಟ್‌ವರೆಗೆ ವಿದ್ಯುತ್ ಹರಿಸಿದ್ದರಿಂದ ಛಾವಣಿಗೆ ಬೇರೆ ವೈರಿಂಗ್ ಬೇಕಿಲ್ಲವಾಯಿತು. ಉಳಿದದ್ದು ಒಂದೇ ಪ್ರಶ್ನೆ: ಪೆಟ್ಟಿಗೆಯಿಂದ ಈಗಷ್ಟೇ ಹೊರಬಂದ ಯಂತ್ರ ತನ್ನ ಯಜಮಾನನನ್ನು ಹುಡುಕುವುದು ಹೇಗೆ? ಒಂದೇ ಸಬ್‌ನೆಟ್ಟಿನಲ್ಲಿದ್ದರೆ ಕೂಗಿ ಕರೆಯುತ್ತದೆ. ನಡುವೆ ರೂಟರ್ ಇದ್ದರೆ ಕೂಗು ದಾಟದು. ಆಗ ಡಿಎಚ್‌ಸಿಪಿಯ 43ನೇ ಆಯ್ಕೆಯಲ್ಲೋ ಡಿಎನ್‌ಎಸ್‌ನಲ್ಲೋ ವಿಳಾಸ ಬರೆದಿಡಬೇಕು. ಆಮೇಲೆ ಪ್ರಮಾಣಪತ್ರಗಳ ತಪಾಸಣೆ, ಕಂಟ್ರೋಲರ್‌ಗೆ ಹೊಂದುವ ತಂತ್ರಾಂಶದ ಇಳಿಕೆ, ಮರುಚಾಲನೆ, ಕೊನೆಗೆ ಸೇವೆ. ಕಂಟ್ರೋಲರ್‌ನ ಗಡಿಯಾರ ತಪ್ಪಿದ್ದರೆ ಒಳ್ಳೆಯ ಪ್ರಮಾಣಪತ್ರವೂ ಅಸಿಂಧು. ಜಾಲದವರು ಗಂಟೆಗಟ್ಟಲೆ ಕೇಬಲ್ ಬದಲಿಸಿ ನೋಡುವುದು ಇಂಥ ಸಣ್ಣ ಕಾರಣಕ್ಕೇ.

ಆಕ್ಸೆಸ್ ಪಾಯಿಂಟ್ ಮತ್ತು ಕಂಟ್ರೋಲರ್ ಮಾತಾಡಿಕೊಳ್ಳಲು ಏರ್‌ಸ್ಪೇಸ್ ಬಳಸಿದ ಎಲ್‌ವ್ಯಾಪ್ ಶಿಷ್ಟಾಚಾರವನ್ನು ಆಧಾರವಾಗಿಟ್ಟು, ಇಂಟರ್‌ನೆಟ್ ಮಾನಕಗಳ ಸಂಸ್ಥೆ ಐಇಟಿಎಫ್ ರೂಪಿಸಿದ ಕ್ಯಾಪ್‌ವ್ಯಾಪ್ 2009ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 5415 ಆಗಿ ಪ್ರಕಟವಾಯಿತು. ಹತೋಟಿಗೆ ಯುಡಿಪಿ ಪೋರ್ಟ್ 5246, ದತ್ತಾಂಶಕ್ಕೆ 5247. ಯಾವ ಕಂಪನಿಯ ಯಂತ್ರವೂ ಯಾವ ಕಂಟ್ರೋಲರ್‌ಗಾದರೂ ಸೇರಬಹುದೆಂಬ ಆಸೆ ಮಾತ್ರ ಕಾಗದದಲ್ಲೇ ಉಳಿಯಿತು. ಕಂಪನಿಗಳು ತಂತಮ್ಮ ಬೇಲಿ ಬಿಡಲಿಲ್ಲ.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಪರವಾನಗಿಯಿಂದ ಮುಕ್ತವಾದದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸ್‌ನ ವಿಶಾಲ ಭಾಗ 2018ರಲ್ಲಿ. ಕೇಂದ್ರ ಹತೋಟಿಯ ಪ್ರಯೋಗ ಇಲ್ಲೂ ನಡೆಯಿತು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನುರಾಗ್ ಕುಮಾರ್ ಮತ್ತು ಸಂಗಡಿಗರು ‘ಅಡ್ವೈಸರ್’ ಎಂಬ ಕೇಂದ್ರ ನಿಯಂತ್ರಕವನ್ನು ಕಟ್ಟಿದರು. ಆಕ್ಸೆಸ್ ಪಾಯಿಂಟ್‌ಗಳನ್ನು ಮುಟ್ಟದೆಯೇ, ದತ್ತಾಂಶದ ಸರತಿಯನ್ನು ಅವುಗಳ ಹಿಂದಿನ ಒಂದು ಕಡೆಗೆ ತಂದು, ಅದರ ಹರಿವನ್ನು ಹದಗೊಳಿಸುವುದು ಅದರ ಜಾಣ್ಮೆ.

802.11ಎನ್ (2009) ವೇಗ ಹೆಚ್ಚಿಸಿದಂತೆ ಎಲ್ಲ ದತ್ತಾಂಶವನ್ನೂ ಕಂಟ್ರೋಲರ್ ಮೂಲಕವೇ ಹಾಯಿಸುವುದು ಇಕ್ಕಟ್ಟಾಯಿತು. ದತ್ತಾಂಶ ನೇರ ದಾರಿ ಹಿಡಿಯಿತು, ಹತೋಟಿಯಷ್ಟೇ ಕೇಂದ್ರದಲ್ಲಿ ಉಳಿಯಿತು. ಎಂಐಟಿಯ ರೂಫ್‌ನೆಟ್ ಪ್ರಯೋಗದಿಂದ 2006ರಲ್ಲಿ ಹುಟ್ಟಿದ ಮೆರಾಕಿ ಕಂಟ್ರೋಲರನ್ನು ಇಂಟರ್‌ನೆಟ್ಟಿನಾಚೆಯ ಕ್ಲೌಡ್‌ಗೆ ಒಯ್ದಿತು. 2012ರಲ್ಲಿ ಸಿಸ್ಕೊ ಅದಕ್ಕೆ 120 ಕೋಟಿ ಡಾಲರ್ ತೆತ್ತಿತು. ಯುಬಿಕ್ವಿಟಿಯ ಯುನಿಫೈ ಅದೇ ಕಂಟ್ರೋಲರನ್ನು ಸಾಮಾನ್ಯ ಕಂಪ್ಯೂಟರಿನ ತಂತ್ರಾಂಶವಾಗಿಸಿ ಸಣ್ಣ ಲಾಡ್ಜು, ಶಾಲೆಗಳ ಕೈಗೆಟುಕಿಸಿತು. ಆ ಕಂಪ್ಯೂಟರ್ ಆರಿಸಿದರೂ ವೈ-ಫೈ ನಿಲ್ಲದು, ಹೊಸ ಬದಲಾವಣೆ ಮಾತ್ರ ಆಗದು.

ಈ ಕ್ಷೇತ್ರದ ಇತರ ಕಂಪನಿಗಳೂ ಕೈ ಬದಲಿಸಿದವು: ಅರುಬಾ 2015ರಲ್ಲಿ ಎಚ್‌ಪಿ ಪಾಲಾಯಿತು, ಮಿಸ್ಟ್ ಎಂಬ ಕಂಪನಿ 2019ರಲ್ಲಿ ಜುನಿಪರ್ ಪಾಲಾಯಿತು. ಜುನಿಪರನ್ನೇ ಕೊಳ್ಳಲು ಎಚ್‌ಪಿಯಿಂದ ಕವಲೊಡೆದ ಎಚ್‌ಪಿಇ ಹೊರಟಾಗ, ಈ ಮಾರುಕಟ್ಟೆಯ ಪೈಪೋಟಿ ಕುಗ್ಗುತ್ತದೆಂದು ಅಮೆರಿಕದ ನ್ಯಾಯ ಇಲಾಖೆ 2025ರ ಜನವರಿಯಲ್ಲಿ ದಾವೆ ಹೂಡಿತು. ಜೂನ್‌ನಲ್ಲಿ ರಾಜಿಯಾಗಿ, ಜುಲೈನಲ್ಲಿ ಖರೀದಿ ಮುಗಿಯಿತು.