ಕಂಪ್ಯೂಟರ್ ಕೋಣೆಗೆ ಕನ್ನಡ ಬಂದದ್ದು ತಿರುವನಂತಪುರದಿಂದ

ತಿರುವನಂತಪುರದಿಂದ ಬರುವ ಆದೇಶಗಳನ್ನು ನಾವು ಕಾಸರಗೋಡಿನ ಕನ್ನಡಿಗರು ಅನುಮಾನದಿಂದಲೇ ಓದುತ್ತೇವೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಅಂಟಿದ ಅಭ್ಯಾಸ ಅದು. ಕಾಗದ ಬಂತೆಂದರೆ ಇದರಲ್ಲಿ ಕನ್ನಡಕ್ಕೆ ಎಲ್ಲಿ ಕತ್ತರಿ ಬಿದ್ದಿದೆ ಎಂದು ಮೊದಲು ಹುಡುಕುವುದು. ಆದರೆ ಒಂದು ವಿಷಯದಲ್ಲಿ ಆ ಊರಿನಿಂದ ನಮಗೆ ಉಪಕಾರವೇ ಆಯಿತು, ಅದೂ ನಮ್ಮನ್ನು ನೆನೆಸಿಕೊಂಡು ಮಾಡಿದ್ದಲ್ಲ. ಕುಂಬಳೆ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಗಣಿತದ ಮಾಷ್ಟ್ರಾಗಿದ್ದು, ಶಾಲೆಯ ಐಟಿ ಕೋಆರ್ಡಿನೇಟರ್ ಕೆಲಸವನ್ನೂ ಹೊತ್ತ ನಾನು ಅದನ್ನು ಹತ್ತಿರದಿಂದ ಕಂಡವನು.

ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಬಗ್ಗೆ ಕೇರಳ ಸರ್ಕಾರ ನೇಮಿಸಿದ ಕಾರ್ಯಪಡೆಗೆ ಇಸ್ರೋದ ಯು. ಆರ್. ರಾವ್ ಅಧ್ಯಕ್ಷರಾಗಿದ್ದರು. ಉಡುಪಿ ಬಳಿಯ ಅದಮಾರಿನವರು. ಅವರ ವರದಿಯ ಮೇಲೆ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಹುಟ್ಟಿತು. ಅದೇ ವರ್ಷದ ಜುಲೈಯಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದು ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವನ್ನು ಉದ್ಘಾಟಿಸಿದರು. ಎರಡಕ್ಕೂ ಆಗ ನೇರ ಸಂಬಂಧವಿರಲಿಲ್ಲ. ಶುರುವಿನಲ್ಲಿ ನಮಗೆ ಸಿಕ್ಕ ತರಬೇತಿಯೂ ವಿಂಡೋಸಿನದ್ದೇ. ಒಂದು ಕಂಪನಿಯ ಸರಕನ್ನೇ ಪಾಠವಾಗಿ ಮಾಡಬೇಕೇ ಎಂದು ಅಧ್ಯಾಪಕರ ಸಂಘಟನೆಯವರು ತಕರಾರು ತೆಗೆದ ಮೇಲೆ, ಯಾರು ಬೇಕಾದರೂ ಬಳಸಿ ತಿದ್ದಿ ಹಂಚಬಹುದಾದ ಸ್ವತಂತ್ರ ತಂತ್ರಾಂಶ ಲಿನಕ್ಸ್ ಪಕ್ಕದಲ್ಲಿ ಬಂದು ಕುಳಿತುಕೊಂಡಿತು. 2006ರಲ್ಲಿ ಸ್ಟಾಲ್ಮನ್ ಮತ್ತೆ ಬಂದು ಮುಖ್ಯಮಂತ್ರಿ ಅಚ್ಯುತಾನಂದನ್ ಅವರನ್ನು ಕಂಡರು. ಆಮೇಲಿನ ವರ್ಷಗಳಲ್ಲಿ ಶಾಲೆಗಳಿಂದ ವಿಂಡೋಸ್ ಮೆಲ್ಲನೆ ಜಾಗ ಖಾಲಿ ಮಾಡಿತು.

ಲಿನಕ್ಸಿನಲ್ಲಿ ಮಲಯಾಳಂ ಮೂಡಿಸುವ ಕೆಲಸ ಆಗಲೇ ಬಿರುಸಾಗಿತ್ತು. ಕೋಝಿಕ್ಕೋಡಿನ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಬೈಜು ಶುರುಮಾಡಿದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಬಳಗ, ‘ರಚನಾ’ ಲಿಪಿಯ ಹುಸೈನ್ ಅವರಂಥವರು, ಆಮೇಲೆ ಬಂದ ಸಂತೋಷ್ ತೋಟ್ಟಿಂಗಲ್, ಎಲ್ಲರೂ ಸಂಬಳವಿಲ್ಲದೆ ದುಡಿದವರು. ಭಾರತದ ಲಿಪಿಗಳು ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತದಲ್ಲಿ ಸರಿಯಾಗಿ ಮೂಡುವ ವ್ಯವಸ್ಥೆ ಲಿನಕ್ಸಿನ ಒಳಗೆ ಗಟ್ಟಿಯಾದ ಹಾಗೆ ಅದು ಮಲಯಾಳಂಗೆ ಮಾತ್ರ ಉಳಿಯಲಿಲ್ಲ. ಒತ್ತಕ್ಷರ ಜೋಡಿಸುವ ಅದೇ ಯಂತ್ರ ಕನ್ನಡವನ್ನೂ ಜೋಡಿಸುತ್ತದೆ.

ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಉಪಕಾರ ಇನ್ನೂ ದೊಡ್ಡದು. ಅದರಲ್ಲಿ ಬಹುತೇಕ ಎಲ್ಲ ಭಾರತೀಯ ಲಿಪಿಗಳಿಗೂ ಅಕ್ಷರದ ಸ್ಥಾನ ಒಂದೇ. ಕೆ, ಎಸ್, ಜೆ, ಆಮೇಲೆ ಶಿಫ್ಟ್ ಹಿಡಿದು ಎನ್: ಮಲಯಾಳಂ ಇಟ್ಟರೆ ಮಲಯಾಳಂ ಲಿಪಿಯಲ್ಲಿ, ಕನ್ನಡ ಇಟ್ಟರೆ ಕನ್ನಡದಲ್ಲಿ ‘ಕೇರಳ’ ಎಂದು ಮೂಡುತ್ತದೆ. ಹಾಗಾಗಿ ಕನ್ನಡದ ಅಕ್ಷರ ಒಂದೂ ಗೊತ್ತಿಲ್ಲದ ಮಲಯಾಳಿ ತರಬೇತುದಾರ ನಮಗೆ ಕನ್ನಡ ಟೈಪಿಂಗ್ ಕಲಿಸಿದ, ಚೆನ್ನಾಗಿಯೇ ಕಲಿಸಿದ! ಗಡಿಯ ಆಚೆ ಮಂಗಳೂರಿನಲ್ಲಿ ನನ್ನ ಬಂಧುಗಳೆಲ್ಲ ಆಗ ಕನ್ನಡ ಬರೆಯುತ್ತಿದ್ದದ್ದು ‘ಬರಹ’ ಇಲ್ಲವೇ ‘ನುಡಿ’ ತಂತ್ರಾಂಶದಲ್ಲಿ. ಶೇಷಾದ್ರಿವಾಸು 1998ರಲ್ಲಿ ತಂದ ‘ಬರಹ’ವೂ 2001ರ ‘ನುಡಿ’ಯೂ ಕನ್ನಡಕ್ಕೆ ಮಾಡಿದ್ದು ಸಣ್ಣದಲ್ಲ. ನುಡಿಯ ಕೀಲಿಮಣೆಯ ಹಿಂದಿರುವ ಕೆ. ಪಿ. ರಾಯರೂ ನಮ್ಮ ಕರಾವಳಿಯ ಕಿನ್ನಿಕಂಬಳದವರೇ. ಆದರೆ ಅವೆರಡೂ ವಿಂಡೋಸಿಗೆಂದು ಕಟ್ಟಿದವು, ಹಳೆಯ ಫಾಂಟುಗಳೂ ಯೂನಿಕೋಡಿನವಲ್ಲ. ಬಂಧುಗಳು ಕಳಿಸಿದ ಮದುವೆ ಕರೆಯೋಲೆಯನ್ನು ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಮ್ಮ ಎಂಟನೇ ಕ್ಲಾಸಿನ ಮಕ್ಕಳಿಗೆ ಮಾತ್ರ ಈ ಗೊಂದಲ ಗೊತ್ತೇ ಇರಲಿಲ್ಲ. ಮೊದಲ ದಿನದಿಂದಲೇ ಅವರು ಯೂನಿಕೋಡ್ ಕನ್ನಡ ಬರೆದವರು. ಬೇಕಾದರೆ ಮೆನುಗಳನ್ನೂ ಕನ್ನಡಕ್ಕೆ ತಿರುಗಿಸಬಹುದಿತ್ತು, ಯಾಕೆಂದರೆ ಲಿನಕ್ಸಿನ ಪರದೆಯನ್ನು ಕಟ್ಟಿಕೊಡುವ ಗ್ನೋಮ್, ಕೆಡಿಇಗಳ ಸಾಲುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದಿಟ್ಟವರು ಇದ್ದರು. ಕಾಸರಗೋಡಿನಲ್ಲಿ ಇದನ್ನು ಯಾರಾದರೂ ಬಳಸುತ್ತಾರೆಂದು ಅವರಿಗೆ ಅಂದಾಜಿತ್ತೋ ಇಲ್ಲವೋ.

ನಿವೃತ್ತಿಯಾದ ಮೇಲೆ ಮಗನ ಜೊತೆ ಕೊಚ್ಚಿಯ ಹತ್ತಿರದ ಅಂಬಲಮುಗಳಿನಲ್ಲಿದ್ದೇನೆ, ರಿಫೈನರಿಯ ಊರು. ಸ್ವತಂತ್ರ ತಂತ್ರಾಂಶದ ಮಾತು ಇಲ್ಲೂ ನನ್ನ ಬೆನ್ನು ಬಿಟ್ಟಿಲ್ಲ. ಪುಳ್ಳಿಯೂ ಅವನ ಗೆಳೆಯರೂ ಶನಿವಾರ ಮೇಜಿನ ಸುತ್ತ ಕುಳಿತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಕಟ್ಟಿದ ಆಟ. ವೇಷವಿಲ್ಲ, ಕುಳಿತಲ್ಲೇ ಪಾತ್ರವಾಗಿ ಮಾತಾಡುವುದು, ಕಥೆ ನಡೆಸಲು ಒಬ್ಬ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವನಾದ ನನಗೆ ಇದು ದಾಳ ಇರುವ ತಾಳಮದ್ದಳೆ ಎಂದೇ ಅನ್ನಿಸಿತು. ಊರು ಬಿಟ್ಟ ಗೆಳೆಯರು ‘ಫೌಂಡ್ರಿ’ ಎಂಬ ತಂತ್ರಾಂಶದ ಮೂಲಕ ಪರದೆಯಲ್ಲಿ ಸೇರುತ್ತಾರೆ. ನಕ್ಷೆ, ದಾಳ, ಪಾತ್ರದ ಹಾಳೆ ಎಲ್ಲ ಅದರಲ್ಲೇ. 2020ರಲ್ಲಿ ಬಂದದ್ದು. ಒಳಗಿನ ತಿರುಳು ಮುಚ್ಚಿದ್ದೇ, ದುಡ್ಡು ಕೊಟ್ಟು ಕೊಳ್ಳಬೇಕು. ಅದರ ಮೇಲಿನ ಆಟದ ನಿಯಮಗಳ ಕಟ್ಟುಗಳನ್ನು, ಭಾಷೆಯ ಕಡತಗಳನ್ನು ಹೆಚ್ಚಾಗಿ ಆಡುವವರೇ ಬರೆದು ಹಂಚುತ್ತಾರೆ. ‘ಮ್ಯಾಪ್‌ಟೂಲ್’ ಎಂಬ ಹಳೆಯದೊಂದು ಇದೆ, ಅದು ಪೂರ್ತಿ ಸ್ವತಂತ್ರ. ನನ್ನ ಮತ ಅದಕ್ಕೇ. ನೋಡಲು ಚಂದವಿಲ್ಲ ಎಂದು ಹುಡುಗರು ನಗುತ್ತಾರೆ.

ಈ ಆಟದ ಚರಿತ್ರೆ ಕೆದಕಿದಾಗ ಒಂದು ಕಂಪನಿಯ ಸರಕಿನ ಬಗ್ಗೆ ನಮ್ಮ ಶಾಲೆಗಳಲ್ಲಿ ಎದ್ದ ಜಗಳವೇ ಎದುರಾಯಿತು. 2000ದಲ್ಲಿ ಆಟದ ಒಡೆಯರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ನಿಯಮಗಳನ್ನು ಇತರರೂ ಬಳಸಿ ಹೊಸ ಪುಸ್ತಕ ಬರೆಯಬಹುದಾದ ಪರವಾನಗಿ ಹೊರಡಿಸಿತು. ಅದಕ್ಕೆ ಪ್ರೇರಣೆ ಸ್ವತಂತ್ರ ತಂತ್ರಾಂಶದ ಪರವಾನಗಿಗಳು. 2023ರ ಜನವರಿಯಲ್ಲಿ ಕಂಪನಿ ಅದನ್ನು ಬಿಗಿಮಾಡಲು ಹೊರಟ ಸುದ್ದಿ ಸೋರಿತು. ಆಡುವವರು ತಿರುಗಿಬಿದ್ದರು, ತಿಂಗಳು ಮುಗಿಯುವ ಮೊದಲೇ ಕಂಪನಿ ಹಿಂದೆ ಸರಿದು ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟಿತು. ಇನ್ನು ಅದನ್ನು ವಾಪಸು ಪಡೆಯುವ ಹಾಗಿಲ್ಲ.

ಅತ್ತ ಶಾಲೆಗಳ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು, 2018ರಿಂದ ಹೈಸ್ಕೂಲುಗಳಲ್ಲಿ ‘ಲಿಟಲ್ ಕೈಟ್ಸ್’ ಮಕ್ಕಳ ತಂಡಗಳಿವೆ. ಶಾಲೆಯ ಲಿನಕ್ಸಿಗೆ ಹೊಸ ಆವೃತ್ತಿ ಬಂದಾಗ ಅದರ ಒಳಗಿನ ತಂತ್ರಾಂಶಗಳೂ ಬದಲಾಗುತ್ತವೆ, ಅನುವಾದವಾಗದ ಸಾಲುಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ. ಆ ಕಡತಗಳನ್ನು ಯಾರು ಬೇಕಾದರೂ ತಿದ್ದಬಹುದು. ಪುಳ್ಳಿ ಫೌಂಡ್ರಿಯ ಭಾಷೆಯ ಕಡತವೊಂದನ್ನು ಬಿಡಿಸಿ ತೋರಿಸಿದ, ಎಡಕ್ಕೆ ಗುರುತು, ಬಲಕ್ಕೆ ಸಾಲು. “ಅಜ್ಜ, ನಿಮಗೆ ಹೇಗೂ ಹೊತ್ತು ಹೋಗುವುದಿಲ್ಲವಲ್ಲ, ಶುರುಮಾಡಿ” ಎಂದ. ಆಟದ್ದು ಆಮೇಲೆ ನೋಡುವಾ, ಮೊದಲು ಶಾಲೆಯ ಮಕ್ಕಳಿಗೆ ಕಾಣುವ ಸಾಲುಗಳನ್ನು ಹಿಡಿದುಕೊಂಡಿದ್ದೇನೆ.